ದಂಡಿನಶಿವರದ ಬಾವಿಯಲ್ಲಿ ನೆರಳಿಲ್ಲದ ಮಧ್ಯಾಹ್ನ

ಯಶವಂತಪುರದಲ್ಲಿ ಬೆಳಗಿನ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಸೀರೆ, ಒಂದು ಟೋಪಿ ಮತ್ತು ಮಂಡಿನೋವಿನ ಮುಲಾಮು ಇದ್ದವು. ಅಣ್ಣನ ಮಗಳು ಚೈತ್ರಳ ಚೀಲದಲ್ಲಿ ಸುತ್ತಿಗೆ, ಉಳಿ, ಹಿತ್ತಾಳೆಯ ಕೊಳವೆಗಳು ಮತ್ತು ಕಲ್ಲು ಕೊರೆಯುವ ಒಂದು ಯಂತ್ರ. ಪೆಟ್ರೋಲ್ ಹಾಕಿ ಮರ ಕೊಯ್ಯುವ ಗರಗಸ ಇರುತ್ತದಲ್ಲ, ಅದರ ಎಂಜಿನ್ನಿಗೆ ವಜ್ರದ ಹಲ್ಲಿನ ಕೊಳವೆ ಸಿಕ್ಕಿಸಿದ್ದರು. ಸೀಟಿನ ಕೆಳಗೆ ತುರುಕುವಾಗ ಎದುರಿಗಿದ್ದ ಹೆಂಗಸು, "ಮಿಕ್ಸಿನಾ?" ಎಂದು ಕೇಳಿದರು. ಹೌದು ಅಂದೆ. ಮಾತು ಬೆಳೆಸಿದರೆ ತುಮಕೂರು ಬಂದರೂ ಮುಗಿಯುತ್ತಿರಲಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಖಂಡಗಳು ಚಲಿಸುತ್ತವೆ ಎಂದು ವರ್ಷ ವರ್ಷ ಹೇಳಿದ್ದೇನೆ, ಗೋಳ ತಿರುಗಿಸಿ ತೋರಿಸಿದ್ದೇನೆ. ಆದರೆ ಅದನ್ನು ಯಾರು, ಎಲ್ಲಿ ನಿಂತು, ಯಾವ ಕಲ್ಲು ಮುಟ್ಟಿ ಕಂಡುಹಿಡಿಯುತ್ತಾರೆ ಎಂದು ಕಣ್ಣಾರೆ ನೋಡಿರಲಿಲ್ಲ. ಹಾಗಾಗಿ ಚೈತ್ರ, "ಅತ್ತೆ, ತಿಪಟೂರಿನ ಕಡೆ ಕಲ್ಲು ತರೋಕೆ ಹೋಗ್ತಿದೀನಿ, ಬರ್ತೀರಾ?" ಎಂದಾಗ ನಾನು ಆಗಲೇ ಚಪ್ಪಲಿ ಹುಡುಕುತ್ತಿದ್ದೆ.

ದಾರಿಯಲ್ಲಿ ಅವಳ ಸಂಕಟ ಕೇಳಿದೆ. ಬಿಸಿ ಕಲ್ಲು ಆರುವಾಗ ಅದರೊಳಗಿನ ಕಬ್ಬಿಣದ ಕಣಗಳ ಕಾಂತಗುಣ ಅಂದಿನ ಭೂಮಿಯ ಕಾಂತದ ದಿಕ್ಕನ್ನೇ ಹಿಡಿದು ನಿಂತುಬಿಡುತ್ತದೆ. ಸಮಭಾಜಕದ ಬಳಿ ಆ ದಿಕ್ಕು ನೆಲಕ್ಕೆ ಮಲಗಿರುತ್ತದೆ, ಧ್ರುವದ ಬಳಿ ನೆಟ್ಟಗೆ ನಿಂತಿರುತ್ತದೆ. ಕಲ್ಲಿನ ಒಳಗಿನ ಆ ಓರೆಯನ್ನು ಅಳೆದರೆ ಆ ನೆಲ ಆಗ ಭೂಮಿಯ ಮೇಲೆ ಎಷ್ಟು ದಕ್ಷಿಣಕ್ಕೋ ಉತ್ತರಕ್ಕೋ ಇತ್ತು ಎಂದು ಹೇಳಬಹುದು. ಈ ಸೀಮೆಯ ಕರಿಕಲ್ಲಿನ ಪಟ್ಟಿಗಳು ಇನ್ನೂರು ಕೋಟಿ ವರ್ಷಕ್ಕೂ ಹಿಂದೆ ನೆಲದ ಬಿರುಕುಗಳಲ್ಲಿ ಕುದಿಯುತ್ತ ಮೇಲೆ ಬಂದವು. ಚೈತ್ರ ತನ್ನ ಪಿಎಚ್‌ಡಿಗೆ ಅಂಥ ಒಂದು ಪಟ್ಟಿಯನ್ನು ಮೂರು ವರ್ಷದಿಂದ ಹಿಡಿದುಕೊಂಡು ಕೂತಿದ್ದಾಳೆ. ಅದರಲ್ಲಿ ದಿಕ್ಕು ನೆಟ್ಟಗೆ ನಿಂತಿದೆ.

"ಆದ್ರೆ ಅದು ಹುಟ್ಟಿದಾಗಿನ ದಿಕ್ಕೇ ಅಂತ ಏನು ಗ್ಯಾರಂಟಿ ಅಂತ ಕೇಳ್ತಾರೆ ಅತ್ತೆ. ನಡುವೆ ಯಾವಾಗಲೋ ಬಿಸಿಯಾಗಿ ಹೊಸ ದಿಕ್ಕು ಹಿಡಿದಿರಬಹುದಲ್ಲ."

ಅದಕ್ಕೆ ಸಾಕ್ಷಿ ಬೇಕು. ಸಾಕ್ಷಿ ಅಂದರೆ ಪಕ್ಕದ ಕಲ್ಲು. ಕರಿಕಲ್ಲು ಕುದಿಯುತ್ತ ಬಂದಾಗ ಅದಕ್ಕೆ ಅಂಟಿಕೊಂಡ ಹಳೆಯ ಬಿಳಿಗಲ್ಲು ಕಾದು, ಜೊತೆಯಲ್ಲೇ ಆರಿ, ಅದೇ ದಿಕ್ಕು ಹಿಡಿದಿರಬೇಕು. ಸ್ವಲ್ಪ ದೂರದ ಬಿಳಿಗಲ್ಲಿಗೆ ಆ ಕಾವು ತಟ್ಟಿರುವುದಿಲ್ಲ, ಅದು ತನ್ನ ಹಳೆಯ ದಿಕ್ಕಿನಲ್ಲೇ ಇರಬೇಕು. ಹತ್ತಿರದ್ದು ಒಪ್ಪಿ, ದೂರದ್ದು ಒಪ್ಪದಿದ್ದರೆ ಕರಿಕಲ್ಲು ಹೇಳುತ್ತಿರುವುದು ನಿಜ. ತೊಂದರೆ ಏನೆಂದರೆ, ಎರಡೂ ಕಲ್ಲು ಕೂಡುವ ಜಾಗ ಎಲ್ಲೂ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲ ಮಣ್ಣಿನ ಕೆಳಗೆ, ಮಣ್ಣಿನ ಮೇಲೆ ತೆಂಗಿನ ತೋಟ. ಈ ಸಲ ಸಿಗದಿದ್ದರೆ ಮೂರು ವರ್ಷದ ಕೆಲಸವನ್ನು ಬದಿಗಿಟ್ಟು ಬೇರೆ ಸೀಮೆಗೆ ಹೋಗಬೇಕು ಎಂದು ಅವಳ ಗೈಡ್ ಹೇಳಿಬಿಟ್ಟಿದ್ದರಂತೆ. ಇದನ್ನು ಹೇಳುವಾಗ ಹುಡುಗಿ ಕಿಟಕಿ ಕಡೆ ನೋಡುತ್ತಿದ್ದಳು.

ತಿಪಟೂರಿನಲ್ಲಿ ಇಳಿದಾಗ ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಏಪ್ರಿಲ್ ತಿಂಗಳ ಕೊನೆಯ ವಾರ ಅದು. ಟಿಕೆಟ್ ನೂರು ರೂಪಾಯಿಯೊಳಗೆ ಮುಗಿದಿತ್ತು, ಸ್ಟೇಷನ್ ಎದುರಿನ ತಟ್ಟೆ ಇಡ್ಲಿ ಬೆಣ್ಣೆಯ ಹಾಗಿತ್ತು. ಅಲ್ಲಿಗೆ ಇಮ್ತಿಯಾಜ್ ತಮ್ಮ ಓಮ್ನಿ ತಂದರು. ಬಸ್‌ಸ್ಟ್ಯಾಂಡ್ ಹಿಂದೆ ಅವರದು ಮೋಟರ್ ರಿಪೇರಿ ಅಂಗಡಿ. ಚೈತ್ರಳ ಕೊರೆಯುವ ಯಂತ್ರ ಕೈಕೊಟ್ಟಾಗಲೆಲ್ಲ ಅವರೇ ಸರಿಮಾಡುವುದು. ಕೊರೆಯುವಾಗ ನೀರು ಹಾಯಿಸಬೇಕಲ್ಲ, ಅದಕ್ಕೆ ತೋಟಕ್ಕೆ ಔಷಧಿ ಹೊಡೆಯುವ ಪಂಪನ್ನೇ ಜೋಡಿಸಿಕೊಟ್ಟಿದ್ದರು.

ತುರುವೇಕೆರೆ ರಸ್ತೆಯಲ್ಲಿ ಒಂದು ಹಳೆಯ ಕಲ್ಲು ಕ್ವಾರಿಗೆ ಹೋದೆವು. ಇಲ್ಲಿನ ಕರಿಕಲ್ಲು ಕಂಬವಾಗಿ, ಮೂರ್ತಿಯಾಗಿ ಎಲ್ಲೆಲ್ಲೋ ಹೋಗಿದೆ. ಈಗ ಕ್ವಾರಿ ಬಿಟ್ಟು ನೀರು ನಿಂತಿತ್ತು, ಎಮ್ಮೆಗಳು ಮೂಗು ಮಾತ್ರ ಹೊರಗಿಟ್ಟು ಮಲಗಿದ್ದವು. ಚೈತ್ರ ನನ್ನ ಕೈಗೆ ದಿಕ್ಸೂಚಿ ಕೊಟ್ಟು, "ಬಂಡೆ ಹತ್ರ ಹಿಡೀರಿ" ಅಂದಳು. ಹಿಡಿದೆ. ಮುಳ್ಳು ಮೆಲ್ಲಗೆ ಉತ್ತರ ಬಿಟ್ಟು ಬಂಡೆಯ ಕಡೆ ಹೊರಳಿತು. ದೂರ ಒಯ್ದೆ, ಮತ್ತೆ ಉತ್ತರಕ್ಕೆ ಬಂತು. ಹತ್ತಿರ ತಂದೆ, ಮತ್ತೆ ಹೊರಳಿತು. ಎಷ್ಟು ಸಲ ಮಾಡಿದೆನೋ ಗೊತ್ತಿಲ್ಲ. ಮೂವತ್ತು ವರ್ಷ ಪಾಠ ಮಾಡಿದ್ದು ಅಂಗೈಯಲ್ಲಿ ಅಲುಗಾಡುತ್ತಿತ್ತು, ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಅದಕ್ಕೇ ಅತ್ತೆ, ಕಲ್ಲು ಕೀಳೋ ಮೊದಲು ಅದು ಯಾವ ದಿಕ್ಕಿಗೆ ಕೂತಿದೆ ಅಂತ ಗುರುತು ಮಾಡೋಕೆ ಈ ಮುಳ್ಳು ನಂಬೋ ಹಾಗಿಲ್ಲ. ಸೂರ್ಯನ್ನ ನಂಬಬೇಕು" ಎಂದಳು. ಒಂದು ಸಣ್ಣ ಹಲಗೆ, ಅದರ ನಡುವೆ ಒಂದು ಕಡ್ಡಿ. ಕಡ್ಡಿಯ ನೆರಳು ಎಲ್ಲಿ ಬಿತ್ತು, ಗಂಟೆ ಎಷ್ಟು ಎಂದು ಬರೆದುಕೊಂಡರೆ ದಿಕ್ಕು ಲೆಕ್ಕ ಹಾಕಬಹುದು. ಕೊರೆದು ತೆಗೆದ ಕಲ್ಲುಗಳು ದಪ್ಪ ಸೀಮೆಸುಣ್ಣದ ಹಾಗಿದ್ದವು. ಒಂದನ್ನು ಕೈಯಲ್ಲಿ ಹಿಡಿದೆ, ಇನ್ನೂ ಬೆಚ್ಚಗಿತ್ತು.

ಇಮ್ತಿಯಾಜ್ ಎಳನೀರು ಕೆತ್ತುತ್ತ, "ಮೇಡಮ್, ಅರ್ಧ ಕಪ್ಪು ಅರ್ಧ ಬಿಳಿ ಇರೋ ಕಲ್ಲು ಬೇಕು ಅಂತ ಹೋದ್ಸಲ ಹೇಳ್ತಿದ್ರಲ್ಲ. ಮೊನ್ನೆ ದಂಡಿನಶಿವರದ ಹತ್ರ ಶಿವಣ್ಣೋರ ತೋಟದಲ್ಲಿ ಮೋಟರ್ ಎತ್ತಕ್ಕೆ ಬಾವಿಗೆ ಇಳಿದಿದ್ದೆ. ಒಂದು ಗೋಡೆ ಕರ್‍ರಗೆ, ಪಕ್ಕದ್ದು ಬೆಳ್ಳಗೆ" ಎಂದರು.

ಚೈತ್ರ ಎಳನೀರನ್ನು ಅಲ್ಲೇ ಕೆಳಗಿಟ್ಟಳು. ಮುಕ್ಕಾಲು ಗಂಟೆಯಲ್ಲಿ ನಾವು ಶಿವಣ್ಣನ ತೋಟದಲ್ಲಿದ್ದೆವು.

ಊರಿನಿಂದ ಸ್ವಲ್ಪ ಆಚೆ ತೋಟದ ಮನೆ. ಅಟ್ಟದ ಮೇಲೆ ಕೊಬ್ಬರಿಗೆ ಇಟ್ಟ ಕಾಯಿಗಳ ವಾಸನೆ ಬಾಗಿಲಿಗೇ ಬರುತ್ತಿತ್ತು. ಶಿವಣ್ಣನ ಹೆಂಡತಿ ಜಯಮ್ಮ, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ನೀರು ಕೊಟ್ಟು ನಾವು ಬಂದ ವಿಷಯ ಕೇಳಿದರು. ಬಾವಿ ನೋಡಬೇಕು ಎಂದೆವು.

"ನೋಡ್ಕಳಿ, ನಾಳೆ ಒಂದಿನ ಇರ್ತದೆ. ಸೋಮವಾರ ಮುಚ್ತಾರೆ" ಎಂದರು.

ಬೋರ್‌ವೆಲ್ ಬಂದ ಮೇಲೆ ಬಾವಿಯ ಕಡೆ ಹೋಗುವವರಿಲ್ಲವಂತೆ. ಕಳೆದ ತಿಂಗಳು ಕರು ಬಿದ್ದು ಕಾಲು ಮುರಿದುಕೊಂಡಿತ್ತು. ಶಿವಣ್ಣ ಜೆಸಿಬಿಗೆ ಹೇಳಿಬಿಟ್ಟಿದ್ದ. "ಈ ಮದ್ವೆ ಸೀಸನ್ನಾಗೆ ಜೆಸಿಬಿ ಸಿಕ್ಕೋದೇ ಕಷ್ಟ ಕಣ್ರಮ್ಮ, ಮುಂದಕ್ಕಾಕಕ್ಕಾಗಲ್ಲ" ಎಂದ. ಮದುವೆಗೂ ಜೆಸಿಬಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಜಯಮ್ಮ ಆ ಕಡೆ ತಿರುಗಿಕೊಂಡು ತೆಂಗಿನಗರಿ ಸರಿಸುತ್ತ, "ನಾನು ಈ ಮನೆಗೆ ಬಂದಾಗ ಮೊದ್ಲು ಕೈ ಇಟ್ಟಿದ್ದೇ ಆ ರಾಟೆ ಮೇಲೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಬಾವಿಯೊಳಗೆ ಇಣುಕಿದ ಚೈತ್ರ ನನ್ನ ತೋಳು ಹಿಡಿದುಕೊಂಡಳು, ಅವಳ ಉಗುರು ಚುಚ್ಚುತ್ತಿತ್ತು. ಮೇಲೆ ಕಲ್ಲುಕಟ್ಟಡ, ಅದರ ಕೆಳಗೆ ಬರೀ ಬಂಡೆ ಕಡಿದ ಗೋಡೆ. ಅದರಲ್ಲಿ ಕಪ್ಪು ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಬಾವಿಯೂ ದೊಡ್ಡದು, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಾಲದ್ದು. ಹತ್ತಿರದ ಬಿಳಿ, ದೂರದ ಬಿಳಿ, ಎರಡೂ ಒಂದೇ ಗೋಡೆಯಲ್ಲಿ ಸಿಗುವಂತಿತ್ತು.

"ಅತ್ತೆ, ಇದೇ" ಎಂದಳು. ಕಣ್ಣಲ್ಲಿ ನೀರು. ನನಗೂ ಬಂತು, ಮುಚ್ಚಿಡಲಿಲ್ಲ.

ಆ ರಾತ್ರಿ ಅವರ ಮನೆಯಲ್ಲೇ ಉಳಿದೆವು. ರಾಗಿಮುದ್ದೆ, ಉಪ್ಸಾರು, ಮೇಲೆ ಗಟ್ಟಿ ಮೊಸರು. ಎರಡನೇ ಮುದ್ದೆ ಬೇಡ ಎನ್ನುವಷ್ಟರಲ್ಲಿ ತಟ್ಟೆಗೆ ಬಿದ್ದಿತ್ತು. ಬಾವಿಗೆ ಬಿಸಿಲು ಯಾವಾಗ ಇಳಿಯುತ್ತದೆ ಎಂದು ಚೈತ್ರ ಕೇಳಿದಳು. ಮಟಮಟ ಮಧ್ಯಾಹ್ನ ಒಂದು ಗಳಿಗೆ, ಅಷ್ಟೇ ಎಂದರು ಜಯಮ್ಮ. ಅಷ್ಟು ಸಾಕು, ಹಲಗೆ ಇಟ್ಟು ನೆರಳು ಗುರುತಿಸಿಕೊಂಡರೆ ಆಯಿತು ಎಂದು ಚೈತ್ರ ನಿಶ್ಚಿಂತೆಯಾಗಿ ಮಲಗಿದಳು.

ಭಾನುವಾರ ಬೆಳಿಗ್ಗೆ ಜಯಮ್ಮ ಬಕೆಟ್ಟಿನಲ್ಲಿ ಹಣತೆ ಹಚ್ಚಿಟ್ಟು ರಾಟೆಯ ಹಗ್ಗದಲ್ಲಿ ಬಾವಿಗೆ ಇಳಿಸಿದರು. ಹಳೆ ಬಾವಿಯಲ್ಲಿ ಕೆಟ್ಟ ಗಾಳಿ ನಿಂತಿದ್ದರೆ ದೀಪ ಆರುತ್ತದೆ. ಆರಲಿಲ್ಲ. ಕೊರೆಯುವ ಯಂತ್ರವನ್ನು ಮಾತ್ರ ಇಳಿಸಲಿಲ್ಲ, ಪೆಟ್ರೋಲಿನ ಹೊಗೆ ಬಾವಿ ತುಂಬಿದರೆ ನಾವೇ ಕಲ್ಲಾಗಬೇಕಾಗುತ್ತಿತ್ತು. ಉಳಿ ಸುತ್ತಿಗೆಯಲ್ಲೇ ಕಲ್ಲು ಕೀಳುವುದು ಎಂದಾಯಿತು. ಗೋಡೆಯಿಂದ ಚಾಚಿದ ಕಲ್ಲು ಮೆಟ್ಟಿಲು ಹಿಡಿದು ಚೈತ್ರ ಮತ್ತು ಇಮ್ತಿಯಾಜ್ ಇಳಿದರು. ಕೆಳಗೆ ಮೊಣಕಾಲು ಮಟ್ಟದ ನೀರು. ನಾನು ಮಂಡಿಯ ನೆಪ ಹೇಳದೆ ಅರ್ಧದವರೆಗೆ ಇಳಿದೆ, ಅಲ್ಲಿ ಒಂದು ಅಗಲವಾದ ಮೆಟ್ಟಿಲ ಮೇಲೆ ಕೂತೆ.

ಹನ್ನೆರಡು ದಾಟಿತು. ಬಿಸಿಲು ಗೋಡೆಯ ಮೇಲೆ ಇಂಚಿಂಚೇ ಇಳಿಯಿತು. ಕಪ್ಪು ಬಿಳಿ ಕೂಡುವ ಗೆರೆಯ ಮೇಲೆ ಬಂದು ನಿಂತಿತು, ನೀರೆಲ್ಲ ಬೆಳಗಿತು. ಚೈತ್ರ ಹಲಗೆ ಇಟ್ಟಳು. ಮಟ್ಟ ನೋಡಿದಳು. ನಾವೆಲ್ಲ ಕಡ್ಡಿಯ ಬುಡಕ್ಕೆ ಕಣ್ಣಿಟ್ಟೆವು.

ನೆರಳಿರಲಿಲ್ಲ.

ಕಡ್ಡಿ ನೆಟ್ಟಗೆ ನಿಂತಿತ್ತು, ಬಿಸಿಲು ಸುರಿಯುತ್ತಿತ್ತು, ಕಡ್ಡಿಯ ಬುಡದಲ್ಲಿ ಒಂದು ಚುಕ್ಕೆ ಬಿಟ್ಟರೆ ಏನೂ ಇಲ್ಲ. ಚೈತ್ರ ತಲೆಯೆತ್ತಿ ನನ್ನನ್ನು ನೋಡಿದಳು. ಆಗ ನನಗೆ ಹೊಳೆಯಿತು. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ ಇವು. ನಮ್ಮ ಸೀಮೆಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ಒಮ್ಮೆ ಏಪ್ರಿಲ್ ಕೊನೆಯಲ್ಲಿ, ಇನ್ನೊಮ್ಮೆ ಆಗಸ್ಟಿನಲ್ಲಿ. ಪ್ರತಿ ಆಗಸ್ಟಿನಲ್ಲಿ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ನೋಡ್ರೋ ನಿಮ್ಮ ನೆರಳು ಮಾಯ ಅಂತ ತೋರಿಸುತ್ತಿದ್ದವಳು ನಾನೇ. ನೆರಳಿನಿಂದ ಬದುಕುವ ಇಬ್ಬರು ಹೆಂಗಸರು ವರ್ಷದಲ್ಲಿ ನೆರಳೇ ಇಲ್ಲದ ದಿನ ಹುಡುಕಿಕೊಂಡು ಬಾವಿಗೆ ಇಳಿದಿದ್ದೆವು.

"ಮರೆತೇಬಿಟ್ಟೆ ಅತ್ತೆ" ಎಂದಳು ಚೈತ್ರ. "ನಾನೂ ಕಣೇ" ಎಂದೆ. ನಗು ಬಂತು, ನಗುತ್ತಲೇ ಇಬ್ಬರ ಮುಖವೂ ಸಪ್ಪಗಾಯಿತು. ಅಷ್ಟರಲ್ಲಿ ಬಿಸಿಲು ಗೋಡೆ ಬಿಟ್ಟು ಮೇಲೆ ಹೋಗಿತ್ತು.

ಮೇಲಿಂದ ಜಯಮ್ಮ ಮಜ್ಜಿಗೆಯ ಚೊಂಬನ್ನು ಬಕೆಟ್ಟಿನಲ್ಲಿಟ್ಟು ಇಳಿಬಿಟ್ಟರು. ಬಾವಿಯ ಬಾಯಿಗೆ ಅಡ್ಡಲಾಗಿ ಒಂದು ಮರದ ತೊಲೆ, ಅದರ ನಡುವೆ ರಾಟೆ. ರಾಟೆಯ ಒಂದು ಕಡೆ ಇಳಿಯುವ ಹಗ್ಗ, ಇನ್ನೊಂದು ಕಡೆ ಏರುವ ಹಗ್ಗ. ಚೈತ್ರ ಚೊಂಬು ತೆಗೆದುಕೊಳ್ಳುವುದನ್ನು ಬಿಟ್ಟು ಹಗ್ಗವನ್ನೇ ನೋಡುತ್ತ ನಿಂತಳು.

"ಅತ್ತೆ, ಎರಡು ಹಗ್ಗ ಅಲುಗದೆ ನೇತಾಡಿದ್ರೆ, ಮೇಲೆ ಯಾವ ದಿಕ್ಕಿಗೆ ಸಾಲಾಗಿರುತ್ತೋ ಕೆಳಗೂ ಅದೇ ದಿಕ್ಕು ಅಲ್ವಾ?"

ನಾನು ಮಂಡಿ ಮರೆತು ಎದ್ದು ನಿಂತೆ. ತೊಲೆಯ ಎರಡು ತುದಿಯ ಹತ್ತಿರ ಒಂದೊಂದು ದಾರ ಕಟ್ಟಿ ನೀರಿನವರೆಗೆ ಇಳಿಬಿಟ್ಟರೆ, ತೊಲೆಯ ದಿಕ್ಕು ಹಾಗೇ ಬಾವಿಯ ತಳಕ್ಕೆ ಇಳಿಯುತ್ತದೆ. ತೊಲೆ ಯಾವ ದಿಕ್ಕಿಗಿದೆ ಎಂದು ಮೇಲೆ ಬಯಲಿನ ಬಿಸಿಲಲ್ಲಿ, ಸೂರ್ಯ ಓರೆಯಾದ ಮೇಲೆ ನೋಡಿಕೊಳ್ಳಬಹುದು. ಇಮ್ತಿಯಾಜ್ ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಜಯಮ್ಮ ಗೋಣಿ ಹೊಲಿಯುವ ದಾರ ತಂದರು. ಶಿವಣ್ಣ ಎರಡು ತೂಕದ ಬಟ್ಟು ಕೊಟ್ಟ, "ಇವನ್ನ ಬಾವಿಗೆ ಬುಟ್ಬುಡಬೇಡಿ" ಎಂದು ಎರಡು ಸಲ ಹೇಳಿದ. ಬಟ್ಟುಗಳು ನೀರಿನಲ್ಲಿ ಮುಳುಗಿದ ಮೇಲೆ ದಾರ ಅಲುಗುವುದು ನಿಂತಿತು. ಆ ದಾರಗಳ ಸಾಲಿಗೆ ಕಣ್ಣಿಟ್ಟು ಚೈತ್ರ ಕಲ್ಲಿನ ಮೇಲೆ ಒಂದೊಂದೇ ಬಾಣ ಬರೆದಳು. ಕಪ್ಪಿನ ಮೇಲೆ, ಪಕ್ಕದ ಬಿಳಿಯ ಮೇಲೆ, ದೂರದ ಬಿಳಿಯ ಮೇಲೆ. ಆಮೇಲೆ ಉಳಿ ಹಿಡಿದರು. ಠಣ್ ಠಣ್ ಸದ್ದು ಬಾವಿ ತುಂಬಿತು. ಬಾಣ ಬರೆದ ತುಂಡುಗಳು ಬಕೆಟ್ಟಿನಲ್ಲಿ ಕೂತು ಮೇಲೆ ಬರುವುದನ್ನು ನಾನು ರಾಟೆ ಎಳೆಯುತ್ತ ನೋಡಿದೆ. ಅಷ್ಟು ಖುಷಿ ನನಗೆ ಮೊದಲ ಸಂಬಳ ಬಂದಾಗಲೂ ಆಗಿರಲಿಲ್ಲ.

ಮೇಲೆ ಬಂದು ನೋಡಿದರೆ ಆಕಾಶದಲ್ಲಿ ಮೋಡ.

ಮೂರು ಗಂಟೆಗೆ ಮೋಡ, ನಾಲ್ಕಕ್ಕೆ ಗುಡುಗು, ಐದಕ್ಕೆ ಮಾವಿನ ಮಳೆ. ಜಗಲಿಯಲ್ಲಿ ಕೂತು ನೋಡುತ್ತಲೇ ಇದ್ದೆವು, ಸಂಜೆಯವರೆಗೂ ಸೂರ್ಯ ಮುಖ ತೋರಿಸಲಿಲ್ಲ. ಕಲ್ಲುಗಳೇನೋ ಬಂದಾಗಿದ್ದವು. ಆದರೆ ತೊಲೆಯ ದಿಕ್ಕು ತಿಳಿಯದೆ ಅವುಗಳ ಮೇಲಿನ ಬಾಣಕ್ಕೆ ಅರ್ಥವಿರಲಿಲ್ಲ. ಬೆಳಿಗ್ಗೆ ಜೆಸಿಬಿ ಬಂದರೆ ಮೊದಲು ಕೀಳುವುದೇ ತೊಲೆಯನ್ನು. ಚೈತ್ರ ಇದನ್ನೆಲ್ಲ ಜಯಮ್ಮನಿಗೆ ಬಿಡಿಸಿ ಹೇಳಿದಳು. ಬೆಳಿಗ್ಗೆ ಬಿಸಿಲು ತೊಲೆ ಮುಟ್ಟುವುದು ಯಾವಾಗ ಎಂದು ಕೇಳಿದಳು.

"ಪೂರ್ವಕ್ಕೆ ಮರ ಅವೆ. ಎಳೆ ಬಿಸಿಲು ಅವನ್ನ ದಾಟಿ ಬರಬೇಕಲ್ಲ, ಹೊತ್ತಾಯ್ತದೆ" ಎಂದರು ಜಯಮ್ಮ. ಸ್ವಲ್ಪ ತಡೆದು, "ನೀವು ಮಲಿಕ್ಕಳಿ" ಎಂದರು.

ಸೋಮವಾರ ಏಳಕ್ಕೇ ಜೆಸಿಬಿ ಗುರುಗುಟ್ಟುತ್ತ ಬಂತು. ಆಕಾಶ ತೊಳೆದಿಟ್ಟ ಹಾಗಿತ್ತು, ಆದರೆ ಬಾವಿಯ ಸುತ್ತ ಇನ್ನೂ ಪೂರ್ತಿ ನೆರಳು. ಜಯಮ್ಮ ತಲೆಗೆ ನೀರು ಹಾಕಿಕೊಂಡು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಾವಿಕಟ್ಟೆಗೆ ಬಂದರು. ಈ ಕಡೆ ಬಾವಿಯನ್ನು ಸುಮ್ಮನೆ ಮುಚ್ಚುವುದಿಲ್ಲ, ಗಂಗೆಗೆ ಪೂಜೆ ಮಾಡಿ ಅಪ್ಪಣೆ ಕೇಳಿಕೊಳ್ಳಬೇಕು. ಕಟ್ಟೆಗೆ ಅರಿಶಿನ ಹಚ್ಚಿದರು. ಹೂವಿಟ್ಟರು. ದೀಪ ಹಚ್ಚುವಾಗ ಬತ್ತಿ ಸರಿಯಿಲ್ಲ ಎಂದು ಮನೆಗೆ ಹೋಗಿ ಬಂದರು. ಕರ್ಪೂರ ಮರೆತಿತ್ತು, ಮತ್ತೆ ಹೋದರು. ಬಂದವರೇ, ಮುತ್ತೈದೆಯರು ಬರಬೇಕು ಎಂದರು. ಪಕ್ಕದ ತೋಟಕ್ಕೆ ಹೇಳಿಕಳಿಸಿದರೆ ಒಬ್ಬಾಕೆ ಹಾಲು ಕರೆಯುತ್ತಿದ್ದರಂತೆ. ಕಾಯೋಣ ಎಂದರು. ಜೆಸಿಬಿಯವನು ಎಂಜಿನ್ ನಿಲ್ಲಿಸಿ ಬೀಡಿ ಹಚ್ಚಿದ.

ಶಿವಣ್ಣನಿಗೆ ಅರ್ಥವಾಗದೆ ಇರುತ್ತದೆಯೇ. "ಏನೇ, ನಿನ್ ಗಂಗೆಗೆ ಇವತ್ತು ಬಿಸ್ಲು ಬೇಕಾ?" ಎಂದ.

"ಹೂಂ ಕಣ್ರೀ, ಬೇಕು. ಇಷ್ಟ್ ವರ್ಷ ಕೇಳದೆ ನೀರು ಕೊಟ್ಟವಳೆ. ಒಂದ್ ಗಳಿಗೆ ಬಿಸ್ಲು ಕೊಡಕ್ಕಾಗಲ್ವಾ ನಿಮಗೆ?"

ಶಿವಣ್ಣ ಹೋಗಿ ಜೆಸಿಬಿಯವನಿಗೆ ಕಾಫಿ ತರಿಸಿದ.

ಪೂರ್ವದ ಮರಗಳ ಗರಿಗಳ ನಡುವೆ ಬಿಸಿಲು ಚೂರುಚೂರಾಗಿ ಬಿತ್ತು. ಮೊದಲು ಕಟ್ಟೆ, ಆಮೇಲೆ ಹೂವು, ಆಮೇಲೆ ತೊಲೆ. ಚೈತ್ರ ತೊಲೆಯ ಪಕ್ಕ ಹಲಗೆ ಹಿಡಿದಳು. ಕಡ್ಡಿಯ ನೆರಳು ಉದ್ದಕ್ಕೆ, ಕಪ್ಪಗೆ, ಸ್ಪಷ್ಟವಾಗಿ ಬಿತ್ತು. ಅವಳು ಕೋನ ಓದಿದಳು, ನಾನು ಗಂಟೆ ನೋಡಿ ಬರೆದೆ. ಮೂರು ಸಲ ಅಳೆದೆವು. ಮೂರು ಸಲವೂ ತೊಲೆಯ ದಿಕ್ಕು ಒಂದೇ ಬಂತು. "ಆಯ್ತು" ಎಂದಳು ಚೈತ್ರ. ಜಯಮ್ಮ ಆಗ ಕರ್ಪೂರ ಹಚ್ಚಿ ಆರತಿ ಎತ್ತಿದರು, ಕಾಯಿ ಒಡೆದರು. ಹಾಲು ಕರೆಯುತ್ತಿದ್ದಾಕೆ ಇನ್ನೂ ಬಂದಿರಲಿಲ್ಲ.

ತೊಲೆ ಕಿತ್ತರು. ಮಣ್ಣು ಬಿತ್ತು. ನೀರಿಗೆ ಮೊದಲ ಮಣ್ಣು ಬಿದ್ದ ಸದ್ದಿಗೆ ಜಯಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಬಾವಿ ಉಸಿರಾಡಲಿ ಎಂದು ಶಿವಣ್ಣ ಒಂದು ಪೈಪು ನಿಲ್ಲಿಸಿ ಅದರ ಸುತ್ತ ಮಣ್ಣು ಹಾಕಿಸಿದ. ಚೈತ್ರ ಒಂದು ಸಣ್ಣ ಚೂರು, ಅರ್ಧ ಕಪ್ಪು ಅರ್ಧ ಬಿಳಿ, ಜಯಮ್ಮನ ಕೈಗೆ ಕೊಟ್ಟಳು. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು ಕುಂಕುಮದ ತಟ್ಟೆಯಲ್ಲಿಟ್ಟರು. ನಾವು ಓಮ್ನಿ ಹತ್ತಿ ತಿರುಗಿ ನೋಡಿದಾಗ ಜೆಸಿಬಿ ಇನ್ನೂ ಮಣ್ಣು ತಳ್ಳುತ್ತಿತ್ತು, ಜಯಮ್ಮ ಅದಕ್ಕೆ ಬೆನ್ನು ಮಾಡಿ ನಮಗೆ ಕೈ ಬೀಸುತ್ತಿದ್ದರು. ವಾಪಸ್ ರೈಲಿನಲ್ಲಿ ಕಲ್ಲಿನ ಗೋಣಿಚೀಲ ನನ್ನ ಕಾಲಬುಡದಲ್ಲಿತ್ತು, ಬೆಂಗಳೂರಿನವರೆಗೂ ಅದರ ಮೇಲಿಂದ ಕೈ ತೆಗೆಯಲಿಲ್ಲ.

ದಸರಾ ಮುಗಿದ ಮೇಲೆ ಒಂದು ದಿನ ಚೈತ್ರ ಮನೆಗೆ ಓಡಿ ಬಂದಳು. ಹತ್ತಿರದ ಬಿಳಿಗಲ್ಲು ಕರಿಕಲ್ಲಿನ ಮಾತನ್ನು ಒಪ್ಪಿತ್ತು. ದೂರದ್ದು ಒಪ್ಪಿರಲಿಲ್ಲ. ದಿಕ್ಕು ಹುಟ್ಟಿದಾಗಿನದೇ. ಅಡುಗೆಮನೆಯಲ್ಲಿ ಇಬ್ಬರೂ ಕೈ ಹಿಡಿದು ಕುಣಿದೆವು, ಒಲೆ ಮೇಲೆ ಹಾಲು ಉಕ್ಕಿತು. ಆಮೇಲೆ ಜಯಮ್ಮನಿಗೆ ಫೋನ್ ಮಾಡಿದೆ.

"ನಿಮ್ಮ ತೋಟದ ನೆಲ ಆಗ ಧ್ರುವದ ಹತ್ತಿರ ಇತ್ತಂತೆ ಜಯಮ್ಮ. ಅಲ್ಲಿಂದ ಇಲ್ಲೀವರೆಗೆ ಬಂದಿದೆ" ಎಂದೆ.

"ಈಗ ನಿಂತದಾ?"

"ಇಲ್ಲ. ಉಗುರು ಬೆಳೆಯೋ ಹಾಗೆ ಉತ್ತರಕ್ಕೆ ಹೋಗ್ತಾನೇ ಇದೆ."

"ಹೋಗ್ಲಿ ಬುಡಿ ಟೀಚರಮ್ಮ, ಮನೆ, ಮರ, ನಾವು ಎಲ್ಲಾ ಜೊತೇಲೇ ಹೋಯ್ತೀವಲ್ಲ" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿದರು. "ಆ ರಾಟೆ ತೊಲೆನ ಗುಜರಿಗೆ ಹಾಕ್ತೀನಿ ಅಂದ್ರು ಇವ್ರು. ನಾನು ಬುಡಲಿಲ್ಲ. ಕೊಟ್ಟಿಗೆ ಮುಂದೆ ಎರಡು ಕಂಬ ನೆಡಿಸಿ ಅದ್ರ ಮೇಲೆ ಇಡ್ಸಿದೀನಿ. ಬಾವಿ ಮೇಲೆ ಹೆಂಗಿತ್ತೋ ಹಂಗೇ, ಅದೇ ದಿಕ್ಕಿಗೆ. ಇಮ್ತಿಯಾಜಣ್ಣನ ಕರೆಸಿ, ನಿಮ್ ಹುಡುಗಿ ಅವತ್ತು ಬರ್ಕೊಂಡಿದ್ದ ದಿಕ್ಕನ್ನ ಫೋನಾಗೆ ಕೇಳಿಸ್ಕೊಂಡು ಇಡ್ಸಿದ್ದು. ಅಷ್ಟು ವರ್ಷದ ಕಲ್ಲೇ ದಿಕ್ಕು ಮರ್ತಿಲ್ಲ ಅಂದ್ಮೇಲೆ, ನಾನು ಮರೀಬಾರ್ದಲ್ಲ ಟೀಚರಮ್ಮ."